ಹನ್ನೊಂದು ತಟ್ಟೆಗಳಲ್ಲಿ ಏಳನೆಯದು

ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ದಪ್ಪ ಕಾಗದದ ಒಂದು ಉದ್ದ ಪಟ್ಟಿ ಇದೆ. ಬಾಳೆಹಣ್ಣಿನ ಆಕಾರದ ಮ್ಯಾಗ್ನೆಟ್ ಅದನ್ನು ಹಿಡಿದುಕೊಂಡಿದೆ. ಪಟ್ಟಿಯಲ್ಲಿ ಹನ್ನೊಂದು ಸಾಲು, ಸಾಲಿಗೆ ಮೂರು ಇಂಗ್ಲಿಷ್ ಪದ. ಎಲ್ಲಕ್ಕೂ ಮೇಲೆ ಗಿರಿಜಾ ಎಂಬ ನನ್ನ ಹೆಸರು ಬಂಗಾರದ ಬಣ್ಣದಲ್ಲಿ ಅಚ್ಚಾಗಿದೆ. ಸಿಲಿಂಡರ್ ತಂದವನು ಒಂದು ದಿನ ಅದರ ಮುಂದೆ ನಿಂತು, “ಯೇ ಕ್ಯಾ ಹೈ ಆಂಟಿ, ದವಾಯಿ ಕಾ ಲಿಸ್ಟ್?” ಎಂದು ಕೇಳಿದ. ಅದು ಔಷಧಿಯ ಪಟ್ಟಿಯಲ್ಲ, ಊಟದ ಪಟ್ಟಿ. ಊಟವಾದ ಮರುವಾರ ನನ್ನ ಮಗಳು ರಶ್ಮಿ ಅದನ್ನು ಎರಡು ಸಲ ಕಿತ್ತು ಕಸದ ಡಬ್ಬಿಗೆ ಹಾಕಿದಳು. ಎರಡು ಸಲವೂ ನಾನು ತೆಗೆದು, ಒರೆಸಿ, ಅಲ್ಲಿಯೇ ಹಚ್ಚಿದೆ. ಏಳನೆಯ ಸಾಲಿನ ಮೇಲೆ ಚಹಾಪುಡಿಯ ಕಲೆ ಉಳಿದಿದೆ. ಕಲೆ ಅಲ್ಲಿಯೇ ಬಿದ್ದದ್ದು ಆಕಸ್ಮಿಕ. ಆ ಸಾಲಿನ ಕಥೆ ಮಾತ್ರ ಆಕಸ್ಮಿಕವಲ್ಲ.

ಆ ಊಟದ ಹನ್ನೊಂದು ಸೆಕೆಂಡುಗಳು ನಿಮ್ಮ ಫೋನಿಗೂ ಬಂದಿರಬಹುದು. ಬಂದಿಲ್ಲದಿದ್ದರೆ ಹೇಳುತ್ತೇನೆ. ಅದರಲ್ಲಿ ಕಂದು ರೇಷ್ಮೆ ಸೀರೆ ಉಟ್ಟ ಒಬ್ಬ ಹೆಂಗಸು ದೊಡ್ಡ ಕಪ್ಪು ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಅದರೊಳಗಿನ ನೀರನ್ನು ಕುಡಿಯುತ್ತಾಳೆ. ಹಿನ್ನೆಲೆಯಲ್ಲಿ ಯಾರೋ ನಗುತ್ತಾರೆ. ಕೆಳಗೆ ‘ಫಿಂಗರ್ ಬೌಲ್ ಆಂಟಿ’ ಎಂದು ಬರೆದಿದೆ. ಆ ಆಂಟಿ ನಾನು.

ನಾನು ಮೂವತ್ತನಾಲ್ಕು ವರ್ಷ ಫೋರ್ಟ್ ಪ್ರದೇಶದ ಒಂದು ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಕೆಲಸ ಮಾಡಿದವಳು. ಅಲ್ಲಿ ಮೊದಲ ವಾರ ಕಲಿಸುವ ಪಾಠ ಒಂದೇ. ಅಪಘಾತ ನೋಡಿದವನು ಏನೆಂದುಕೊಂಡ ಎಂಬುದು ಬೇಡ, ಏನು ನೋಡಿದ ಎಂಬುದನ್ನು ಮಾತ್ರ ಬರೆದುಕೊಳ್ಳಿ. ವಿಡಿಯೊ ಬಂದ ಸೋಮವಾರ ಫೋನನ್ನು ಅಕ್ಕಿಯ ಡಬ್ಬಿಗೆ ಒರಗಿಸಿಟ್ಟು ನೋಡಿದೆ. ಒಂಬತ್ತು ಸಲ ನೋಡಿದೆ. ಒಂಬತ್ತನೆಯ ಸಲಕ್ಕೆ ಕ್ಲೇಮು ವಿಭಾಗದ ಬುದ್ಧಿ ಮರಳಿತು. ಮೊದಲನೆಯ ತಪ್ಪು: ಆ ಹೋಟೆಲಿನಲ್ಲಿ ಫಿಂಗರ್ ಬೌಲ್, ಅಂದರೆ ಉಂಡ ಮೇಲೆ ಬೆರಳು ತೊಳೆಯುವ ನೀರಿನ ಬಟ್ಟಲು, ಇರಲೇ ಇಲ್ಲ.

ಇದ್ದದ್ದು ಮಾತ್ರೆ. ಕೂತ ಕೂಡಲೇ ಪ್ರತಿಯೊಬ್ಬರ ಮುಂದೆ ಒಂದು ಪುಟ್ಟ ಬಟ್ಟಲು, ಅದರಲ್ಲಿ ಬಿಳಿಯ ದಪ್ಪ ಮಾತ್ರೆಯೊಂದನ್ನು ತಂದಿಟ್ಟರು. ಪೆಪ್ಪರ್‌ಮಿಂಟ್ ಇರಬೇಕೆಂದು ನಾನು ಬಾಯಿಗೆ ಹಾಕಿಕೊಂಡೆ. ಅದು ನಾಲಿಗೆಯ ಮೇಲೆ ಉಬ್ಬತೊಡಗಿತು. ಪಕ್ಕದಲ್ಲಿದ್ದ ಸುಧಾ ಅವರು ನನ್ನ ಕಿವಿಯ ಹತ್ತಿರ ಬಾಗಿ, “ಅಯ್ಯೋ, ಅದು ಟವಲ್ ಕಣ್ರೀ!” ಎಂದರು. ಅಷ್ಟರಲ್ಲಿ ವೇಟರ್ ಬಂದು ಉಳಿದ ಮೂರು ಮಾತ್ರೆಗಳ ಮೇಲೆ ಬಿಸಿನೀರು ಹೊಯ್ದ. ಅವು ಹಾವಿನ ಹಾಗೆ ಎದ್ದುನಿಂತು ಕೈವಸ್ತ್ರಗಳಾದವು. ನಾಲ್ಕನೆಯದು ಮಾತ್ರ ನನ್ನ ದವಡೆಯಲ್ಲಿತ್ತು. ಅದನ್ನು ಯಾರೂ ವಿಡಿಯೊ ಮಾಡಲಿಲ್ಲ. ಮಾಡಿದ್ದರೆ ನಾನೂ ನಿಮ್ಮೊಂದಿಗೆ ಕೂತು ನಗುತ್ತಿದ್ದೆ.

ಸುಧಾ ಅವರು ನನ್ನ ಬೀಗಿತ್ತಿ. ನನ್ನ ಅಳಿಯ ಕಾರ್ತಿಕನ ತಾಯಿ. ಬೆಂಗಳೂರಿನವರು, ಅಂಧೇರಿ ವೆಸ್ಟಿಗೆ ಬಂದು ನಲವತ್ತು ವರ್ಷವಾದರೂ ಮಾತಿನಲ್ಲಿ ಬಸವನಗುಡಿಯನ್ನು ಹಾಗೆಯೇ ಇಟ್ಟುಕೊಂಡಿದ್ದಾರೆ. ತುಂಬ ಒಳ್ಳೆಯವರು. ಒಳ್ಳೆಯತನವೂ ಕೆಲವೊಮ್ಮೆ ಎಷ್ಟು ಭಾರ ಎಂಬುದು ನನಗೆ ಆ ವಾರ ತಿಳಿಯಿತು.

ನನ್ನ ನಿವೃತ್ತಿಗೆಂದು ರಶ್ಮಿ ಮತ್ತು ಕಾರ್ತಿಕ ಕೊಡಿಸಿದ ಊಟ ಅದು. ಶನಿವಾರ ಮಧ್ಯಾಹ್ನ ಒಂದು ಗಂಟೆ. ಹೋಟೆಲು ಇದ್ದದ್ದು ನಾನು ಮೂವತ್ತನಾಲ್ಕು ವರ್ಷ ನಡೆದ ಬೀದಿಯಲ್ಲಿಯೇ, ನನ್ನ ಹಳೆಯ ಕಚೇರಿಯಿಂದ ಐವತ್ತು ಹೆಜ್ಜೆ. ನನ್ನ ಕಾಲದಲ್ಲಿ ಅಲ್ಲಿ ಕಾಗದದ ಗೋದಾಮು ಇತ್ತು. ಈಗ ಬೋರ್ಡು ಕೂಡ ಇಲ್ಲ. ಗೊತ್ತಿದ್ದವರು ಮಾತ್ರ ಬರಬೇಕು.

ಟೇಸ್ಟಿಂಗ್ ಮೆನು ಎಂದರೆ ನಾವು ಏನನ್ನೂ ಕೇಳುವ ಹಾಗಿಲ್ಲ. ಅವರು ಒಂದೊಂದಾಗಿ ತರುತ್ತಾರೆ, ಪ್ರತಿ ತಟ್ಟೆಗೂ ಒಂದು ಭಾಷಣವಿರುತ್ತದೆ. ಮೊದಲು ಬೆಣಚುಕಲ್ಲುಗಳ ರಾಶಿಯ ಮೇಲೆ ಒಂದು ಪಾನಿಪೂರಿ ಬಂತು. ಕಲ್ಲು ತಿನ್ನುವಂಥದ್ದಲ್ಲ ಎಂದು ವೇಟರ್ ನನ್ನನ್ನೇ ನೋಡಿ ಹೇಳಿದ. ಟವಲಿನ ಸುದ್ದಿ ಅಡುಗೆಮನೆಗೆ ಮುಟ್ಟಿತ್ತೆಂದು ಕಾಣುತ್ತದೆ. ಆಮೇಲೆ ಗಾಜಿನ ಗುಮ್ಮಟದೊಳಗೆ ಹೊಗೆ ಬಂತು. ಹೊಗೆ ಹೋದ ಮೇಲೆ ನೋಡಿದರೆ ಒಂದು ಅಣಬೆ. ಹೆಬ್ಬೆರಳಿನಷ್ಟು ಪಾವ್, ಅದಕ್ಕೆ ಉಗುರಿನಷ್ಟು ಬೆಣ್ಣೆ. ಪ್ರತಿ ಭಾಷಣ ಮುಗಿದಾಗಲೂ ನಾನು “ನೋಟೆಡ್” ಎನ್ನುತ್ತಿದ್ದೆ. ಕಚೇರಿ ಬಿಟ್ಟರೂ ಕಚೇರಿಯ ಬಾಯಿ ಬಿಟ್ಟಿರಲಿಲ್ಲ.

ಹೀಗೆ ಆರು ತಟ್ಟೆಗಳು ಬಂದು, ಆರು ತಟ್ಟೆಗಳು ಹೋದವು. ಚಮಚ ಕೆಳಗಿಟ್ಟ ಕ್ಷಣಕ್ಕೆ ಎರಡು ಕೈ ಬಂದು ತಟ್ಟೆಯನ್ನು ಎತ್ತಿಕೊಂಡು ಹೋಗುತ್ತಿದ್ದವು. ಅಂಚಿಗೆ ಹತ್ತಿದ ಸಾರು, ತಳಕ್ಕೆ ಅಂಟಿದ ಕಾಳು ನನ್ನ ಕಣ್ಣೆದುರೇ ಹೋಗುತ್ತಿದ್ದವು. ಆರು ಸಲವೂ ನನ್ನ ಬಲಗೈ ನೀರಿನ ಲೋಟದ ಕಡೆಗೆ ಹೋಗಿ ಮರಳಿತು.

ಆ ಕೈಯ ವಿಷಯ ಹೇಳಬೇಕು. ನಾನು ಬೆಳೆದದ್ದು ಕುರ್ಲಾದ ಒಂದು ಚಾಳಿನಲ್ಲಿ, ಒಂದೇ ಕೋಣೆಯ ಮನೆಯಲ್ಲಿ. ಅಪ್ಪ ಬಾಗಲಕೋಟೆಯ ಕಡೆಯಿಂದ ಬಂದು ಲೇಥ್ ಮಶೀನಿನ ಕೆಲಸ ಹಿಡಿದಿದ್ದರು. ನಮ್ಮದು ಲಿಂಗವಂತರ ಮನೆ. ಎತ್ತರದ ಅಂಚಿನ ತಟ್ಟೆಗೆ ನಮ್ಮಲ್ಲಿ ಗಂಗಾಳ ಎನ್ನುತ್ತಾರೆ. ಗೋಡೆಗೆ ಅಂಥ ನಾಲ್ಕು ಇದ್ದವು. ಉಂಡಾದ ಮೇಲೆ ಗಂಗಾಳಕ್ಕೆ ಎರಡು ಗುಟುಕು ನೀರು ಹಾಕಿಕೊಳ್ಳಬೇಕು. ತೋರುಬೆರಳಿನಿಂದ ಮೊದಲು ಅಂಚು, ಆಮೇಲೆ ತಳ ತೊಳೆಯಬೇಕು. ಎರಡೂ ಕೈಯಿಂದ ಎತ್ತಿ ಆ ನೀರನ್ನು ಕುಡಿಯಬೇಕು. ಆಗ ಊಟ ಮುಗಿಯಿತು ಎಂದು ಅರ್ಥ. ಅದಕ್ಕೆ ಮೊದಲು ಎದ್ದರೆ ಅವ್ವ ಹೆಗಲು ಹಿಡಿದು ಕೂಡಿಸುತ್ತಿದ್ದಳು.

“ಯಾಕವಾ?” ಎಂದು ನಾನೊಮ್ಮೆ ಕೇಳಿದ್ದೆ.

“ಪ್ರಸಾದ ಐತಿ. ಬಿಡಬಾರದು.”

“ಗಂಗಾಳಕ್ಕ ಹತ್ತಿದ್ದೂ ಪ್ರಸಾದನ?”

“ಹತ್ತಿದ್ದೂ.”

ವಿವರಣೆ ಅಷ್ಟೇ. ಪಕ್ಕದ ಕೋಣೆಯ ಮರಾಠಿ ಮಾವಶಿ ಮಾತ್ರ ಇದನ್ನು ನೀರು ಉಳಿಸುವ ಉಪಾಯವೆಂದು ತಿಳಿದಿದ್ದರು. ಚಾಳಿನ ನಳಕ್ಕೆ ಬೆಳಿಗ್ಗೆ ಅರ್ಧ ಗಂಟೆ ನೀರು. “ಕಾನಡಿ ಲೋಕ್ ಹುಶಾರ್!”, ಕನ್ನಡದವರು ಜಾಣರು, ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು. ಅವ್ವ ಅದನ್ನು ತಿದ್ದಲಿಲ್ಲ. ನಾನು ಮತ್ತು ತಮ್ಮ ಯಾರು ಹೆಚ್ಚು ಸದ್ದು ಮಾಡಿ ಕುಡಿಯುತ್ತಾರೆಂದು ಪಂದ್ಯ ಕಟ್ಟುತ್ತಿದ್ದೆವು. ನನಗೆ ಸೋಲು ಗೊತ್ತಿರಲಿಲ್ಲ.

ಕೆಲಸ ಸಿಕ್ಕ ಮೊದಲ ತಿಂಗಳು ಕಚೇರಿಯಲ್ಲಿಯೂ ಹಾಗೆಯೇ ಮಾಡಿದೆ. ರೊಟ್ಟಿ, ಎಣ್ಣೆಗಾಯಿ ಉಂಡು, ಡಬ್ಬಿಗೆ ನೀರು ಹಾಕಿ, ಬೆರಳಾಡಿಸಿ ಕುಡಿದೆ. ಎದುರು ಕೂತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು, “ಕ್ಯಾ ಗಿರಿಜಾ, ಬರ್ತನ್‌ವಾಲಿ ಛುಟ್ಟಿ ಪರ್ ಹೈ ಕ್ಯಾ?” ಎಂದರು. ಪಾತ್ರೆ ತೊಳೆಯುವವಳು ರಜೆಯೇ ಎಂದು. ಎಂಟು ಜನ ನಕ್ಕರು. ಸಾಕ್ಷಿ ಹೇಳುವವಳು ಸರಿಯಾಗಿ ಹೇಳಬೇಕು: ಒಂಬತ್ತು ಜನ. ನಾನೂ ನಕ್ಕೆ. ಮರುದಿನದಿಂದ ಡಬ್ಬಿಯನ್ನು ಕಚೇರಿಯ ಬೇಸಿನ್ನಿನಲ್ಲಿ ಸಾಬೂನು ಹಚ್ಚಿ ತೊಳೆಯತೊಡಗಿದೆ. ಹಳದಿ ನೀರು ಸುತ್ತಿ ಸುತ್ತಿ ತೂತಿನೊಳಗೆ ಇಳಿಯುತ್ತಿತ್ತು. ನಾನು ಕನ್ನಡಿ ನೋಡಿಕೊಳ್ಳುತ್ತಿದ್ದೆ.

ಆ ವಾರವೇ ಅವ್ವ ಸಂಜೆ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು.

“ಎಲ್ಲಿ ತೊಳದಿ?”

“ಆಫೀಸಿನ್ಯಾಗ ನಳ ಐತಲ್ಲವಾ.”

“ಸಾಬೂನಲೇ?”

“ಹೂಂ.”

ಅವ್ವ ಡಬ್ಬಿಯನ್ನು ಬೋರಲು ಹಾಕಿ ಒಳಗೆ ಹೋದಳು. ಮುಂದಿನ ವಾರದಿಂದ ಡಬ್ಬಿಯಲ್ಲಿ ಪಲ್ಯ ಬರುವುದು ನಿಂತಿತು. ಖಡಕ್ ರೊಟ್ಟಿ, ಒಣ ಶೇಂಗಾ ಚಟ್ನಿಪುಡಿ, ಒಂದು ಈರುಳ್ಳಿ. ಮದುವೆಯಾಗಿ ಅಂಧೇರಿಗೆ ಬರುವವರೆಗೆ ಏಳು ವರ್ಷ ಅದೇ. ಅವ್ವನಿಗೆ ವಯಸ್ಸಾಯಿತು, ಬೆಳಿಗ್ಗೆ ಪಲ್ಯ ಮಾಡಲು ಬೇಸರ ಎಂದು ಕಚೇರಿಯ ಗೆಳತಿಗೆ ಹೇಳಿಕೊಂಡಿದ್ದೆ. ಸಂಜೆ ಮನೆಗೆ ಹೋದರೆ ಬೆಳಗಿನ ಪಲ್ಯವೇ ನನ್ನ ಗಂಗಾಳಕ್ಕೆ ಬೀಳುತ್ತಿತ್ತು. ಅದನ್ನು ಉಂಡೆ, ಗಂಗಾಳ ತೊಳೆದು ಕುಡಿದೆ, ಆದರೆ ಎರಡನ್ನೂ ಕೂಡಿಸಿ ನೋಡಲಿಲ್ಲ. ಕ್ಲೇಮು ವಿಭಾಗದಲ್ಲಿ ನನ್ನಷ್ಟು ಚೂಟಿ ಯಾರೂ ಇಲ್ಲ ಎಂಬ ಹೆಸರಿತ್ತು.

ಈಗ ಏಳನೆಯ ತಟ್ಟೆ. ಮೊರದಷ್ಟು ಅಗಲದ ಕಪ್ಪು ತಟ್ಟೆ, ನಡುವೆ ಅಂಗೈಯಷ್ಟು ಒಂದು ಹೊಂಡ. ಹೊಂಡದ ಒಂದು ಕಡೆ ಕೋಟಿನ ಗುಂಡಿಯಷ್ಟು ಜೋಳದ ಖಡಕ್ ರೊಟ್ಟಿ, ಅದರ ಮೇಲೆ ಚಿಟಿಕೆ ಶೇಂಗಾ ಚಟ್ನಿಪುಡಿ. ಇನ್ನೊಂದು ಕಡೆ ಬ್ರಶ್ಶಿನಿಂದ ಬಳಿದ ಹಾಗೆ ಎಣ್ಣೆಗಾಯಿಯ ಗಟ್ಟಿ ರಸ. ವೇಟರ್ ಕೈಕಟ್ಟಿ, “ದಿಸ್ ಇಸ್ ಅವರ್ ಟ್ರಿಬ್ಯೂಟ್ ಟು ದ ಡೆಕ್ಕನ್, ಮ್ಯಾಮ್” ಎಂದ. ನಾನು “ನೋಟೆಡ್” ಎಂದೆ. ಒಂದೇ ತುತ್ತಿಗೆ ಮುಗಿಯಿತು. ಸುಳ್ಳು ಹೇಳಬಾರದು, ರುಚಿಯಾಗಿತ್ತು.

ಬಾಯಲ್ಲಿ ಅದು ಇರುವಾಗಲೇ ನಾನು ತಟ್ಟೆಯನ್ನು ನೋಡಿದೆ. ಒಣಗಿದ್ದು ಆ ಕಡೆ, ರಸ ಈ ಕಡೆ. ರೊಟ್ಟಿ ಹೋದ ಜಾಗ ಸ್ವಚ್ಛವಾಗಿತ್ತು, ತೊಳೆಯಲು ಏನೂ ಇರಲಿಲ್ಲ. ರಸವಿದ್ದ ಕಡೆ ಚಮಚಕ್ಕೆ ಬಾರದಷ್ಟು ಅಂಟಿಕೊಂಡಿತ್ತು. ಆಗ ಗೊತ್ತಾಯಿತು. ಅವ್ವನಿಗೆ ಬೇಸರವಾಗಿರಲಿಲ್ಲ. ಬೇಸಿನ್ನಿನ ತೂತಿಗೆ ಹೋಗುವಂಥದ್ದನ್ನು ಡಬ್ಬಿಗೆ ಹಾಕುವುದನ್ನು ಅವಳು ಬಿಟ್ಟಿದ್ದಳು. ನನ್ನನ್ನು ಬಯ್ಯಲಿಲ್ಲ, ನನ್ನ ನಾಚಿಕೆಯನ್ನು ಕೇಳಲಿಲ್ಲ. ತೊಳೆಯುವಂಥದ್ದು ಏನೂ ಉಳಿಯದ ಹಾಗೆ ಏಳು ವರ್ಷ ಡಬ್ಬಿ ಕಟ್ಟಿದಳು. ಆ ಬೇಸಿನ್ನು ನಾನು ಕೂತಿದ್ದ ಕುರ್ಚಿಯಿಂದ ಐವತ್ತು ಹೆಜ್ಜೆಯಲ್ಲಿತ್ತು. ಅವ್ವ ತೀರಿಕೊಂಡು ಹತ್ತೊಂಬತ್ತು ವರ್ಷವಾಗಿತ್ತು.

ಎರಡು ಕೈ ತಟ್ಟೆಯ ಕಡೆಗೆ ಬಂದವು. ನಾನು ಅಂಚನ್ನು ಹಿಡಿದುಕೊಂಡೆ.

“ಏಕ್ ಮಿನಿಟ್ ಹಾಂ, ಭೈಯಾ.”

ಅವನು ಒಂದು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ನಾನು ಲೋಟದಿಂದ ಎರಡು ಗುಟುಕು ನೀರು ಹೊಂಡಕ್ಕೆ ಹಾಕಿದೆ, ಬೆರಳಿನಿಂದ ತೊಳೆದೆ, ಎತ್ತಿ ಕುಡಿದೆ. ಕಾರ್ತಿಕ ನನ್ನತ್ತ ತಿರುಗಿ “ಅಮ್ಮಾ...” ಎಂದು ನಿಲ್ಲಿಸಿದ. ರಶ್ಮಿ ಮೇಜಿನ ಬಟ್ಟೆಯನ್ನು ನೋಡುತ್ತಿದ್ದಳು. ಸುಧಾ ಅವರು ಊಟದ ಪಟ್ಟಿಯನ್ನು ಕೈಗೆತ್ತಿಕೊಂಡು ಬಹಳ ಆಸಕ್ತಿಯಿಂದ ಓದಿದರು. ನಾನು ತಟ್ಟೆ ಕೆಳಗಿಟ್ಟ ಮೇಲೆ ವೇಟರ್ ಅದನ್ನು ತೆಗೆದುಕೊಂಡು, ಹಿಂದಿನ ಆರು ಸಲ ಹೇಳಿದ ದನಿಯಲ್ಲಿಯೇ “ಥ್ಯಾಂಕ್ಯೂ ಮ್ಯಾಮ್” ಎಂದ. ಅವನು ವಿಡಿಯೊದಲ್ಲಿ ಇಲ್ಲ. ಉಳಿದ ನಾಲ್ಕು ತಟ್ಟೆಗಳಲ್ಲಿ ಮೂರನ್ನು ನಾನು ತೊಳೆದು ಕುಡಿದೆ. ಹತ್ತನೆಯದನ್ನು ಮಂಜುಗಡ್ಡೆಯ ತುಂಡಿನ ಮೇಲೆ ಬಡಿಸಿದ್ದರಿಂದ ಬಿಟ್ಟೆ. ಅದೂ ವಿಡಿಯೊದಲ್ಲಿ ಇಲ್ಲ.

ಪಕ್ಕದ ಮೇಜಿನವರು ತೆಗೆದ ಆ ತುಣುಕು ಎಲ್ಲೆಲ್ಲೋ ಸುತ್ತಿ ಸೋಮವಾರ ಕಾರ್ತಿಕನ ಮನೆಯವರ ಗ್ರೂಪಿಗೆ ಬಂತು. ಆ ಗ್ರೂಪಿನಲ್ಲಿ ನಾನೂ ಇದ್ದೇನೆ. ಮಂಗಳವಾರ ಸುಧಾ ಅವರು ಫೋನ್ ಮಾಡಿದರು.

“ಗಿರಿಜಾ ಅವ್ರೇ, ನೀವೇನೂ ತಲೆ ಕೆಡಿಸ್ಕೋಬೇಡಿ. ನಾನು ಎಲ್ರಿಗೂ ಹೇಳಿಬಿಟ್ಟಿದೀನಿ. ಪಾಪ, ಅವ್ರಿಗೆ ಗೊತ್ತಾಗ್ಲಿಲ್ಲ, ಸೂಪ್ ಅಂದ್ಕೊಂಡ್ರು ಅಂತ. ಹೊಸ ಜಾಗ, ಹೊಸ ಊಟ. ಯಾರಿಗಾದ್ರೂ ಆಗೋದೇ ಅಲ್ವೇನ್ರೀ?”

ಸಂಜೆ ರಶ್ಮಿ ಬಂದಳು. ಬಂದವಳೇ ಪಟ್ಟಿಯನ್ನು ಫ್ರಿಜ್ಜಿನಿಂದ ಕಿತ್ತಳು.

“ಮಮ್ಮಿ, ಸಿಂಪಲ್ ಇದೆ. ಗ್ರೂಪಲ್ಲಿ ಒಂದು ಮೆಸೇಜ್ ಹಾಕು. ನಾನು ಸೂಪ್ ಅಂತ ಸಮ್ಝೀ, ಅಂತ. ಒಂದು ಸ್ಮೈಲಿ. ಖತಮ್.”

“ನಾ ಹಂಗ ತಿಳಕೊಂಡಿದ್ದಿಲ್ಲ.”

“ಅದು ಯಾರಿಗೆ ಗೊತ್ತಾಗ್ತದೆ?”

“ನನಗ ಗೊತ್ತೈತಿ.”

“ಸಂಡೇ ಕಾರ್ತಿಕನ ಪಪ್ಪಾಜೀದು ಬರ್ತ್‌ಡೇ ಲಂಚ್ ಇದೆ. ಅವರ ಮನೇಲಿ ಇಪ್ಪತ್ತು ಜನ ಇರ್ತಾರೆ. ನಿನಗೆ ಊಟ ಮಾಡಿ ವಾಪಸ್ ಬರೋದಿದೆ. ನನಗೆ ಅಲ್ಲೇ ರೆಹನಾ ಹೈ, ಮಮ್ಮಿ. ರೋಜ್.”

ಅವಳು ಹೇಳಿದ್ದು ನಿಜ, ಆ ಮನೆಯಲ್ಲಿ ದಿನವೂ ಇರಬೇಕಾದವಳು ಅವಳು. ನಗುವವರು ನನ್ನೆದುರು ನಗುವುದಿಲ್ಲ, ಅವಳ ಬೆನ್ನ ಹಿಂದೆ ನಗುತ್ತಾರೆ. ಒಂದು ಸುಳ್ಳು ಸಾಲು, ಒಂದು ಹಳದಿ ಮುಖ ಹಾಕಿದರೆ ಮಗಳ ದಾರಿ ಸುಲಭವಾಗುತ್ತಿತ್ತು. ಎರಡು ದಿನ ಫೋನು ಹಿಡಿದು ಕೂತೆ. ‘ಸೂಪ್’ ಎಂದು ಬರೆದೆ, ಅಳಿಸಿದೆ. ನನಗೆ ಬೇಸಿನ್ನಿನ ಕನ್ನಡಿ ಕಾಣುತ್ತಿತ್ತು. ಗುರುವಾರ ಬೆಳಿಗ್ಗೆ ಬರೆದು ಕಳಿಸಿದ್ದು ಇಷ್ಟು:

‘ಆ ಊಟದಲ್ಲಿ ನಾನು ಗೊತ್ತಿಲ್ಲದೆ ಮಾಡಿದ್ದು ಒಂದೇ. ಟವಲನ್ನು ಬಾಯಿಗೆ ಹಾಕಿಕೊಂಡೆ. ತಟ್ಟೆ ತೊಳೆದು ಕುಡಿದದ್ದು ಗೊತ್ತಿದ್ದೇ ಮಾಡಿದ್ದು. ಅದು ನಮ್ಮವ್ವ ಕಲಿಸಿದ್ದು. ಸುಧಾ ಅವರ ಮನಸ್ಸು ಒಳ್ಳೆಯದು, ಆದರೆ ಅವರು ಹೇಳಿದ ಕಾರಣ ಸರಿಯಲ್ಲ. ಗಿರಿಜಾ.’

ಇಬ್ಬರು ಕೈಮುಗಿದ ಚಿತ್ರ ಹಾಕಿದರು. ಕಾರ್ತಿಕನ ದೊಡ್ಡತ್ತೆ ದನಿ ಮುದ್ರಿಸಿ ಕಳಿಸಿದರು: “ಅಲ್ಲಮ್ಮ, ಎಂಜಲು ನೀರು ಕುಡೀತಾರೇನು?” ನಾನೂ ದನಿಯಲ್ಲಿಯೇ ಉತ್ತರಿಸಿದೆ: “ನಂದ ಎಂಜಲ ಅಲ್ಲೇನ್ರೀ, ಬ್ಯಾರೇದವರದು ಕುಡದಿಲ್ಲ.” ಆಮೇಲೆ ಗ್ರೂಪು ತಣ್ಣಗಾಯಿತು.

ರಶ್ಮಿಗೆ ಕನ್ನಡ ಓದಲು ಬರುವುದಿಲ್ಲ. ಸಂಜೆ ಕಚೇರಿಯಿಂದ ನೆಟ್ಟಗೆ ನನ್ನ ಮನೆಗೆ ಬಂದು ಫೋನನ್ನು ನನ್ನ ಮುಂದೆ ಹಿಡಿದಳು. “ಓದು. ಏನು ಬರೆದಿದ್ದೀ, ಓದು.” ಓದಿದೆ. “ಮಮ್ಮಿ, ಯು ಆರ್ ಇಂಪಾಸಿಬಲ್” ಎಂದು ಪಟ್ಟಿಯನ್ನು ಎರಡನೆಯ ಸಲ ಕಸದ ಡಬ್ಬಿಗೆ ಹಾಕಿದಳು. ನಾನು ಅದನ್ನು ತೆಗೆದು ಒರೆಸುತ್ತಲೇ ಡಬ್ಬಿಯ ಕಥೆ ಹೇಳಿದೆ. ಬೇಸಿನ್ನು, ಸಾಬೂನು, ಒಣ ರೊಟ್ಟಿ. ಯಾರಿಗೂ ಹೇಳಿರಲಿಲ್ಲ. ನನಗೇ ಐದು ದಿನದ ಹಿಂದೆ ಗೊತ್ತಾದ ಕಥೆ.

“ಅಜ್ಜಿ ಮತ್ತೆ ಕಭೀ ಪಲ್ಯ ಹಾಕ್ಲಿಲ್ಲಾ?”

“ಇಲ್ಲ.”

“ನೀನು ಕೇಳ್ಲಿಲ್ಲಾ?”

“ಇಲ್ಲ.”

ಅವಳು ಚಪ್ಪಲಿ ಹಾಕಿಕೊಂಡು ಹೋದಳು. ಬಾಗಿಲನ್ನು ಬಡಿಯಲಿಲ್ಲ. ಅದರಿಂದ ಏನು ತಿಳಿಯಬೇಕೋ ನನಗೆ ಗೊತ್ತಾಗಲಿಲ್ಲ.

ಭಾನುವಾರ ಅದೇ ಕಂದು ಸೀರೆ ಉಟ್ಟು ಹೋದೆ. ಬೇರೆ ಉಟ್ಟರೆ ಹೆದರಿದ ಹಾಗೆ ಆಗುತ್ತಿತ್ತು. ಹಿರಿಯರಿಗೆ ಮೇಜು, ಕಿರಿಯರಿಗೆ ಸೋಫಾ. ಎಲ್ಲರ ಮುಂದೆ ಚಪ್ಪಟೆಯಾದ ಬಿಳಿ ಪಿಂಗಾಣಿ ತಟ್ಟೆಗಳು. ನನ್ನ ಮುಂದೆ ಏನೂ ಇರಲಿಲ್ಲ. ಸುಧಾ ಅವರು ಒಳಗಿನಿಂದ ಬಂದು, ಎತ್ತರದ ಅಂಚಿನ ಹಳೆಯ ಸ್ಟೀಲ್ ತಟ್ಟೆಯೊಂದನ್ನು ನನ್ನ ಮುಂದೆ ಇಟ್ಟರು.

“ನಿಮಗೆ ಇದು ಅನುಕೂಲ ಅಲ್ವೇನ್ರೀ?”

ಚುಚ್ಚಿದ್ದೋ ಉಪಚಾರವೋ, ಇವತ್ತಿಗೂ ಹೇಳಲಾರೆ. ದನಿ ಎಂದಿನಂತೆಯೇ ಇತ್ತು, ಮುಖವೂ ಎಂದಿನಂತೆಯೇ ಇತ್ತು. ನಾನು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, “ಹೌದ್ರೀ, ಛಲೋ ಆತು” ಎಂದೆ.

ಬಿಸಿಬೇಳೆಬಾತ್ ಪಾತ್ರೆ ಹಿಡಿದು ಬಡಿಸಲು ಬಂದಿದ್ದ ರಶ್ಮಿ ಅಲ್ಲಿಯೇ ನಿಂತಿದ್ದಳು. ನನ್ನ ತಟ್ಟೆಯನ್ನು ನೋಡಿದಳು, ಪಿಂಗಾಣಿ ತಟ್ಟೆಗಳನ್ನು ನೋಡಿದಳು. ಪಾತ್ರೆಯನ್ನು ಮೇಜಿನ ಮೇಲಿಟ್ಟಳು.

“ಅತ್ತೆ, ಇಂಥದ್ದು ಇನ್ನೊಂದು ತಟ್ಟೆ ಇದೆಯಾ?”

“ಯಾಕಮ್ಮ?”

“ನನಗೆ.”

ಸುಧಾ ಅವರು ಎರಡು ಕ್ಷಣ ಅವಳನ್ನು ನೋಡಿದರು. ಆಮೇಲೆ ಒಳಗೆ ಹೋಗಿ ತಂದರು. ರಶ್ಮಿ ಕಿರಿಯರ ಸೋಫಾ ಬಿಟ್ಟು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ನಾವಿಬ್ಬರೂ ಉಂಡೆವು. ಎಲ್ಲರೂ ನಿಧಾನವಾಗಿ ಉಂಡರು. ಯಾರಿಗೂ ನಮಗಿಂತ ಮೊದಲು ಏಳುವ ಮನಸ್ಸಿರಲಿಲ್ಲ.

ಊಟ ಮುಗಿಯಿತು. ನಾನು ಲೋಟಕ್ಕೆ ಕೈ ಹಾಕುವ ಮೊದಲೇ ರಶ್ಮಿ ಜಗ್ಗನ್ನು ಎತ್ತಿ ತನ್ನ ತಟ್ಟೆಗೆ ನೀರು ಹೊಯ್ದಳು. ಹೊಯ್ಯುತ್ತಲೇ ಹೋದಳು. ಅಂಚಿನವರೆಗೆ ತುಂಬಿತು. ಕೆಂಪು ನೀರಿನ ಮೇಲೆ ಒಂದು ಗೋಡಂಬಿ ತೇಲಿತು.

“ಇಷ್ಟ್ಯಾಕ ಹಾಕಿದಿ? ಎರಡ ಗುಟುಕು ಸಾಕಿತ್ತು” ಎಂದು ಪಿಸುಗುಟ್ಟಿದೆ.

“ಪೆಹಲೇ ಹೇಳ್ಬೇಕಿತ್ತು ನಾ, ಮಮ್ಮಿ.”

ಸೋಫಾದಲ್ಲಿದ್ದ ಕಾರ್ತಿಕನ ಚಿಕ್ಕಪ್ಪನ ಮಗ ಫೋನು ಎತ್ತಿದ. ರಶ್ಮಿ ನೋಡಿದಳು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಅವನಿಗೆ ಹೇಳಿದಳು: “ಆರಾಮ್ ಸೇ ರೆಕಾರ್ಡ್ ಕರ್. ಟೈಮ್ ಲಗೇಗಾ.” ನಿಧಾನವಾಗಿ ತೆಗೆ, ಹೊತ್ತು ಹಿಡಿಯುತ್ತದೆ ಎಂದು.

ಅವನು ಫೋನು ಇಳಿಸಿದ. ರಶ್ಮಿ ತಟ್ಟೆಯನ್ನು ಎತ್ತಿದಳು. ಒಂದಿಷ್ಟು ಕುತ್ತಿಗೆಗೆ ಚೆಲ್ಲಿತು. ನಡುವೆ ಎರಡು ಸಲ ನಿಲ್ಲಿಸಿ ಉಸಿರು ತೆಗೆದುಕೊಂಡಳು. ಪೂರ್ತಿ ಕುಡಿದಳು. ಕೊನೆಗೆ ತಳದಲ್ಲಿ ಉಳಿದ ಗೋಡಂಬಿಯನ್ನು ಬೆರಳಿನಿಂದ ತೆಗೆದು ಬಾಯಿಗೆ ಹಾಕಿಕೊಂಡು, ತಟ್ಟೆಯನ್ನು ಎಲ್ಲರಿಗೂ ಕಾಣುವ ಹಾಗೆ ಮೇಜಿನ ನಡುವೆ ಇಟ್ಟಳು.

ಆಮೇಲೆ ನಾನು ನನ್ನ ತಟ್ಟೆಗೆ ನೀರು ಹಾಕಿಕೊಂಡೆ. ಎರಡು ಗುಟುಕು.